ಕೀಮೋ ಹಾಕಿ ಮನೆಗೆ ಕಳಿಸಿದ ಮೇಲೆ ವಿಚಾರಿಸುವವರು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಜಿಲ್ಲಾ ಆಸ್ಪತ್ರೆಗಳಲ್ಲೇ ಕ್ಯಾನ್ಸರ್ ರೋಗಿಗಳಿಗೆ ಕೀಮೋಥೆರಪಿ, ಅಂದರೆ ಕ್ಯಾನ್ಸರ್ ಕೊಲ್ಲುವ ಔಷಧ ಕೊಡುವ ಡೇ ಕೇರ್ ಕೇಂದ್ರಗಳ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ 16 ಜಿಲ್ಲಾ ಆಸ್ಪತ್ರೆಗಳಲ್ಲಿ ಇವನ್ನು ಶುರು ಮಾಡಿತು. ಕೇಂದ್ರ ಸರ್ಕಾರವೂ 2025–26ರ ಬಜೆಟ್‌ನಲ್ಲಿ, ಮೂರು ವರ್ಷದೊಳಗೆ ದೇಶದ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಇಂಥ ಕೇಂದ್ರ ಮಾಡುತ್ತೇವೆ ಎಂದು ಹೇಳಿದೆ. ನನಗೆ ಇದು ಬಹಳ ಸಂತೋಷದ ಸುದ್ದಿ. ಬೆಳಿಗ್ಗೆ ಹೋಗಿ ಔಷಧ ಹಾಕಿಸಿಕೊಂಡು ಸಂಜೆ ಮನೆಗೆ ಬರಬಹುದು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರೋದು ತಪ್ಪುತ್ತದೆ, ಲಾಡ್ಜಿನ ಬಾಡಿಗೆ ತಪ್ಪುತ್ತದೆ. ಆದರೆ ಮನೆಗೆ ಬಂದ ಮೇಲಿನ ಕಥೆ ಏನು? ಒಂದು ಕೀಮೋ ಆದ ಮೇಲೆ ಮುಂದಿನದಕ್ಕೆ ಸಾಮಾನ್ಯವಾಗಿ 21 ದಿನ ಇರುತ್ತದೆ. ವಾಂತಿ, ಜ್ವರ, ಭೇದಿ, ಬಾಯಿ ಹುಣ್ಣು ಎಲ್ಲ ಬರುವುದು ಆ ದಿನಗಳಲ್ಲೇ, ಮನೆಯಲ್ಲೇ. ಆಗ ನಮ್ಮನ್ನು ಕೇಳುವವರು ಯಾರೂ ಇರುವುದಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ ರೋಗಿಯ ಲಕ್ಷಣ ವಿಚಾರಿಸಿ, ಅಪಾಯ ಕಂಡರೆ ತಕ್ಷಣ ನರ್ಸ್ ಮಾತಾಡುವ ವ್ಯವಸ್ಥೆ ಈ ಕೇಂದ್ರಗಳ ಜೊತೆಗೇ ಬರಬೇಕು. ನಾನು ಕೇಳುತ್ತಿರುವುದು ಇಷ್ಟೇ.

ನಾನು ಕಾರಟಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ನನಗೆ ಎಡಗಡೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್, ಕೀಮೋ, ರೇಡಿಯೇಷನ್ ಮುಗಿದು ಈಗ ಮಾತ್ರೆ ನಡೆಯುತ್ತಿದೆ. ಆಪರೇಷನ್ ಆದ ಮೇಲೆ ನನ್ನ ಬ್ಲೌಸನ್ನು ನಾನೇ ಬೇರೆ ಥರ ಹೊಲಿದುಕೊಂಡೆ. ಒಳಗಡೆ ಮೆತ್ತನೆ ಬಟ್ಟೆಯ ಒಂದು ಜೇಬು, ಅದರಲ್ಲಿ ಪ್ಯಾಡ್. ಹೊಲಿಗೆ ಗಾಯದ ಮೇಲೆ ಬರದ ಹಾಗೆ ಕಂಕುಳ ಕಡೆ ಸ್ವಲ್ಪ ಸಡಿಲ. ಇದು ಒಬ್ಬರಿಂದ ಒಬ್ಬರಿಗೆ ಗೊತ್ತಾಗಿ ಗಂಗಾವತಿ, ಸಿಂಧನೂರು ಕಡೆಯಿಂದಲೂ ಹೆಂಗಸರು ಬರುತ್ತಾರೆ. ಮಧ್ಯಾಹ್ನ ಅಂಗಡಿಯಲ್ಲಿ ಜನ ಇಲ್ಲದ ಹೊತ್ತು ನೋಡಿ ಬರುತ್ತಾರೆ. ಅಳತೆ ತೆಗೆಯಲು ಬಾಗಿಲು ಹಾಕುತ್ತೇನೆ. ಬಾಗಿಲು ಹಾಕಿದ ಮೇಲೆ ಒಂದೊಂದಾಗಿ ಮಾತು ಹೊರಗೆ ಬರುತ್ತದೆ. ಡಾಕ್ಟರ ಮುಂದೆ ಹೇಳದ್ದನ್ನು ನನ್ನ ಮುಂದೆ ಹೇಳುತ್ತಾರೆ.

ಒಬ್ಬಾಕೆಗೆ ಮೊದಲ ಕೀಮೋ ಆದ ದಿನವೇ ಮೂತ್ರ ಕೆಂಪಗೆ ಹೋಯಿತು. ರಕ್ತ ಅಂತ ಹೆದರಿ ಮನೆಯವರು ರಾತ್ರೋರಾತ್ರಿ ಬಾಡಿಗೆ ಕಾರು ಮಾಡಿಕೊಂಡು ಹೊರಟರು. ಸ್ತನ ಕ್ಯಾನ್ಸರ್‌ಗೆ ಕೊಡುವ ಡಾಕ್ಸೊರುಬಿಸಿನ್ ಔಷಧದ ಬಣ್ಣವೇ ಕೆಂಪು. ರೋಗಿಗಳೆಲ್ಲ ಅದನ್ನು ಕೆಂಪು ಔಷಧ ಅಂತಲೇ ಕರೆಯುತ್ತೇವೆ. ಒಂದೆರಡು ದಿನ ಮೂತ್ರದಲ್ಲಿ ಆ ಬಣ್ಣ ಕಾಣುತ್ತದೆ, ಹೆದರಬೇಕಾಗಿಲ್ಲ. ಇದನ್ನು ಹೇಳಲು ಒಂದು ಫೋನ್ ಸಾಕಿತ್ತು, ಕಾರಿನ ಬಾಡಿಗೆ ಉಳಿಯುತ್ತಿತ್ತು. ಇನ್ನೊಬ್ಬಾಕೆಗೆ ಬಾಯಿ ತುಂಬ ಹುಣ್ಣು. ರೊಟ್ಟಿ ಬಿಡಿ, ಜೋಳದ ನುಚ್ಚು ನುಂಗಲೂ ಆಗುತ್ತಿರಲಿಲ್ಲ. ಮೈಗೆ ಉಷ್ಣ ಆಗಿದೆ ಅಂದುಕೊಂಡು ಬರೀ ಮಜ್ಜಿಗೆ ಕುಡಿದುಕೊಂಡು ಇದ್ದಳು. ಮುಂದಿನ ಕೀಮೋಗೆ ಹೋದಾಗ ತೂಕ ಇಳಿದಿತ್ತು, ರಕ್ತ ಕಡಿಮೆ ಇತ್ತು, ವಾಪಸ್ ಕಳಿಸಿದರು.

ನಾಟಿ ಕೆಲಸಕ್ಕೆ ಹೋಗುವ ಒಬ್ಬ ತಾಯಿಯನ್ನು ನಾನು ಮರೆಯಲಾರೆ. ಬ್ಲೌಸಿನ ತೋಳು ಬಿಗಿ ಆಗುತ್ತಿದೆ, ಸ್ವಲ್ಪ ಬಿಚ್ಚಿಕೊಡು ಅಂತ ಬಂದಿದ್ದಳು. ಅದೇ ಅಳತೆಯ ಬ್ಲೌಸು, ಇನ್ನೊಂದು ತೋಳು ಸರಿಯಾಗೇ ಇತ್ತು. ಟೇಪ್ ತಗೊಂಡು ಎರಡೂ ಕೈ ಅಳೆದೆ. ಮೊಣಕೈಯಿಂದ 10 ಸೆಂಟಿಮೀಟರ್ ಮೇಲೆ ಒಂದು ಗುರುತು, 10 ಸೆಂಟಿಮೀಟರ್ ಕೆಳಗೆ ಒಂದು ಗುರುತು. ಆಪರೇಷನ್ ಆದ ಕಡೆಯ ಕೈ ಇನ್ನೊಂದಕ್ಕಿಂತ 2 ಸೆಂಟಿಮೀಟರಿಗೂ ಜಾಸ್ತಿ ದಪ್ಪ ಇದ್ದರೆ ತೋರಿಸಲೇಬೇಕು ಅಂತ ನನಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದರು. ಈಕೆಯದು ಅದನ್ನೂ ದಾಟಿತ್ತು. ಕಂಕುಳಿನ ಗಂಟುಗಳನ್ನು ತೆಗೆದ ಮೇಲೆ ಆ ಕೈಯಲ್ಲಿ ನೀರು ಸರಿಯಾಗಿ ಇಳಿಯುವುದಿಲ್ಲ. ಸಣ್ಣ ಗಾಯ ಆದರೂ ಸೋಂಕು ಬೇಗ ಹತ್ತುತ್ತದೆ, ಬಾವು ಜಾಸ್ತಿ ಆಗುತ್ತದೆ. ಆಕೆ ಆ ಕೈಯನ್ನು ದಿನವಿಡೀ ಕೆಸರಿನಲ್ಲಿ ಇಟ್ಟಿದ್ದಳು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿ ಬಿಟ್ಟು ಮನೆಯಲ್ಲಿ ಕೂತರೆ ಕೂಲಿ ಯಾರು ಕೊಡುತ್ತಾರೆ? ಆಕೆಯನ್ನು ಬೈಯುವ ಹಕ್ಕು ನನಗಿಲ್ಲ. ಆದರೆ ಶುರುವಿನಲ್ಲೇ ಬಾವು ಗೊತ್ತಾಗಿದ್ದರೆ ಪಟ್ಟಿ ಕಟ್ಟಿ, ವ್ಯಾಯಾಮ ಹೇಳಿಕೊಟ್ಟು ಕೈ ಉಳಿಸಿಕೊಳ್ಳಬಹುದಿತ್ತು. ತಡ ಆದರೆ ಆ ದಪ್ಪ ಪೂರ್ತಿ ಇಳಿಯುವುದು ಕಷ್ಟ.

ಇವರಲ್ಲಿ ಯಾರನ್ನೇ ಕೇಳಿ, ಮೊದಲು ಬರುವ ಉತ್ತರ ಒಂದೇ: "ಏನಿಲ್ಲಕ್ಕ, ಆರಾಮ ಅದೀನಿ." ಇದು ದಡ್ಡತನ ಅಲ್ಲ. ಮನೆಯವರಿಗೆ ಈಗಾಗಲೇ ಸಾಕಷ್ಟು ಖರ್ಚಾಗಿದೆ, ಇನ್ನೂ ಒಂದು ನೋವು ಹೇಳಿದರೆ ಮತ್ತೆ ಖರ್ಚು ಅನ್ನುವ ಸಂಕೋಚ. ಆಸ್ಪತ್ರೆಯಲ್ಲಿ ಬೆಳಿಗ್ಗೆಯಿಂದ ಸಾಲಿನಲ್ಲಿ ಕೂತು ಒಳಗೆ ಹೋದರೆ ಡಾಕ್ಟರಿಗೆ ಹಿಂದೆ ಇನ್ನೂ ಐವತ್ತು ಜನ ಕಾಯುತ್ತಿರುತ್ತಾರೆ. ಎರಡು ವಾರದ ಹಿಂದೆ ಬಂದುಹೋದ ಭೇದಿ ಆಗ ನೆನಪಿಗೂ ಬರುವುದಿಲ್ಲ. ಆಯಾ ದಿನದ ತೊಂದರೆಯನ್ನು ಆಯಾ ದಿನವೇ ಯಾರಾದರೂ ಕೇಳಬೇಕು.

ಜ್ವರದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜೀವ ಹೋಗುವುದು ಇಲ್ಲೇ. ಕೀಮೋ ಆದ ಏಳನೇ ದಿನದಿಂದ ಹದಿನಾಲ್ಕನೇ ದಿನದವರೆಗೆ ರಕ್ತದಲ್ಲಿನ ಬಿಳಿ ಕಣಗಳು ತುಂಬ ಕೆಳಗೆ ಇಳಿಯುತ್ತವೆ. ಆಗ ಸೋಂಕು ತಡೆಯುವ ಶಕ್ತಿ ಇರುವುದಿಲ್ಲ. ಆ ಹೊತ್ತಿನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಅದು ಬೇರೆಯವರಿಗೆ ಬರುವ ಜ್ವರ ಅಲ್ಲ. ರಕ್ತ ಪರೀಕ್ಷೆ ಮಾಡಿ, ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಶುರು ಆಗಬೇಕು. ನನಗೆ ಎರಡನೇ ಕೀಮೋ ಆಗಿದ್ದು ಬೇಸಿಗೆಯಲ್ಲಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ಯಾರ ಹಣೆ ಮುಟ್ಟಿದರೂ ಬಿಸಿಯೇ ಇರುತ್ತದೆ ಅಲ್ವಾ? ಗೋಡೆ ಬಿಸಿ, ಹಾಸಿಗೆ ಬಿಸಿ, ತೊಟ್ಟಿಯ ನೀರು ಬಿಸಿ. ಅತ್ತೆ ನನ್ನ ಹಣೆ ಮುಟ್ಟಿ ನೋಡಿ ಬಿಸಿಲಿನ ಝಳ ಅಂದರು. ರಾತ್ರಿ ನಡುಕ ಬಂದಾಗ ಫೈಲಿನ ಮೇಲಿದ್ದ ನಂಬರಿಗೆ ನನ್ನ ಯಜಮಾನರು ಫೋನ್ ಮಾಡಿದರು. ಬಹಳ ಹೊತ್ತು ರಿಂಗಾಗಿ ಕೊನೆಗೆ ಯಾರೋ ಎತ್ತಿ, ಒಪಿಡಿ ದಿನ ಕರಕೊಂಡು ಬನ್ನಿ ಅಂದರು. ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಮತ್ತು ಜ್ವರದ ಮಾತ್ರೆ ಕೊಟ್ಟರು. ಜ್ವರ ಇಳಿಯಿತು, ಎಲ್ಲರಿಗೂ ಸಮಾಧಾನ ಆಯಿತು. ಮಾತ್ರೆ ಜ್ವರವನ್ನು ಮುಚ್ಚಿತ್ತು ಅಷ್ಟೇ, ಸೋಂಕು ಒಳಗೆ ಹಾಗೇ ಇತ್ತು. ಮರುದಿನ ಎದ್ದು ನಿಲ್ಲಲಾಗದೆ ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ಕಣ ಒಂದು ಸಾವಿರಕ್ಕಿಂತ ಕಡಿಮೆ. ಆರೋಗ್ಯವಂತರಿಗೆ ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದವರೆಗೆ ಇರುತ್ತದೆ. ನಾನು ಉಳಿದುಕೊಂಡೆ. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿ ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಏಳನೇ ದಿನ ಯಾರಾದರೂ ಫೋನ್ ಮಾಡಿ, ಥರ್ಮಾಮೀಟರ್ ಇದೆಯಾ, ಈಗ ಎಷ್ಟಿದೆ ನೋಡಿ ಹೇಳಿ ಅಂದಿದ್ದರೆ?

ಆಮೇಲೆ ಔಷಧ ಬದಲಾಯಿತು. ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದು ಸಲ ಕೊಡುತ್ತಿದ್ದರು. ಇದರಲ್ಲಿ ವಾಂತಿ ಕಡಿಮೆ, ಆದರೆ ಕೈಕಾಲು ಜೋಮು ಹಿಡಿಯುತ್ತದೆ. ನನಗೆ ಅದು ಗೊತ್ತಾಗಿದ್ದು ಸೂಜಿ ಹಿಡಿದಾಗ. ಗುಂಡಿ ಹಚ್ಚಲು ಕೂತರೆ ಸೂಜಿ ಬೆರಳಿನ ನಡುವೆ ಇದೆಯೋ ಬಿದ್ದಿದೆಯೋ ತಿಳಿಯುತ್ತಿರಲಿಲ್ಲ. ಹುಕ್ ಹಚ್ಚುವಾಗ ಚುಚ್ಚಿಕೊಂಡು ರಕ್ತ ಬಂದಿದ್ದು ಬಟ್ಟೆಯ ಮೇಲೆ ಕಲೆ ನೋಡಿದ ಮೇಲೆ ಗೊತ್ತಾಯಿತು. ಜೋಮು ಜಾಸ್ತಿ ಆದರೆ ಡಾಕ್ಟರು ಔಷಧದ ಪ್ರಮಾಣ ಇಳಿಸಬಹುದು, ಒಂದು ವಾರ ತಡೆಯಬಹುದು. ಹೇಳದೇ ಇದ್ದರೆ ಕೆಲವರಿಗೆ ಅದು ಕಾಯಂ ಉಳಿದುಬಿಡುತ್ತದೆ. ನನ್ನ ಕಸುಬೇ ಬೆರಳಿನದ್ದು, ಅದಕ್ಕೇ ಬೇಗ ಗೊತ್ತಾಯಿತು. ಬೇರೆ ಹೆಂಗಸರಿಗೆ ಚಪ್ಪಲಿ ಕಾಲಿನಿಂದ ಜಾರಿ ಹೋದದ್ದು ಗೊತ್ತಾಗದೆ ನಡೆದಾಗ ಗೊತ್ತಾಗುತ್ತದೆ.

ಮಗಳು ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಾಳೆ. ಹೊರದೇಶಗಳಲ್ಲಿ ಇದಕ್ಕೆ ಏನು ಮಾಡಿದ್ದಾರೆ ಅಂತ ಅವಳೇ ಹುಡುಕಿ ಓದಿ ಹೇಳಿದಳು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಎಂಬ ಕ್ಯಾನ್ಸರ್ ಆಸ್ಪತ್ರೆಯಲ್ಲಿ 766 ರೋಗಿಗಳ ಮೇಲೆ ಒಂದು ಅಧ್ಯಯನ ನಡೆಯಿತು. ಸ್ತನ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್ ಹೀಗೆ ಬೇರೆ ಬೇರೆ ಥರದ, ಕಾಯಿಲೆ ಮೈಯಲ್ಲಿ ಹರಡಿದ್ದ ರೋಗಿಗಳು. ಒಂದು ಗುಂಪಿನವರು ಮಾಮೂಲಿನಂತೆ ಚಿಕಿತ್ಸೆ ಪಡೆದರು. ಉಳಿದವರು 12 ಲಕ್ಷಣಗಳ ಬಗ್ಗೆ ಕಂಪ್ಯೂಟರಿನಲ್ಲಿ ತಾವೇ ಉತ್ತರ ಕೊಟ್ಟರು. ತೊಂದರೆ ಜಾಸ್ತಿ ಆದ ಕೂಡಲೇ ನರ್ಸಿಗೆ ಸಂದೇಶ ಹೋಗುತ್ತಿತ್ತು. 2016 ಮತ್ತು 2017ರಲ್ಲಿ ಅದರ ಫಲಿತಾಂಶ ಬಂತು. ಉತ್ತರ ಕೊಟ್ಟ ಗುಂಪಿನಲ್ಲಿ ಅರ್ಧದಷ್ಟು ಜನ 31.2 ತಿಂಗಳಿಗಿಂತ ಹೆಚ್ಚು ಬದುಕಿದ್ದರು, ಇನ್ನೊಂದು ಗುಂಪಿನಲ್ಲಿ ಅರ್ಧದಷ್ಟು ಜನ 26 ತಿಂಗಳಿಗಿಂತ ಹೆಚ್ಚು. ಎಮರ್ಜೆನ್ಸಿಗೆ ಓಡಿ ಬಂದವರೂ ಕಡಿಮೆ, ಶೇ 41ರ ಬದಲು ಶೇ 34. ಕೀಮೋ ತಡೆದುಕೊಂಡು ಮುಂದುವರಿಸಲು ಆದದ್ದೂ ಇವರಿಗೇ ಜಾಸ್ತಿ ದಿನ. ಅದರಲ್ಲಿ ನನ್ನ ಮನಸ್ಸಿಗೆ ಹತ್ತಿದ ಮಾತು ಇನ್ನೊಂದು. ಕಂಪ್ಯೂಟರ್ ಅಭ್ಯಾಸವೇ ಇಲ್ಲದವರು ಆಸ್ಪತ್ರೆಗೆ ಬಂದಾಗ ಅಲ್ಲೇ ಕೂತು ಉತ್ತರ ತುಂಬಿದ್ದರು. ಹೆಚ್ಚು ಉಪಯೋಗ ಆಗಿದ್ದು ಅವರಿಗೇ. ಓದು ಬರಹ ಕಡಿಮೆ ಇರುವ ನಮ್ಮ ಹೆಂಗಸರಿಗೆ ಇದೆಲ್ಲ ಎಲ್ಲಿ ಆಗುತ್ತದೆ ಅನ್ನುವವರು ಇದನ್ನು ಗಮನಿಸಬೇಕು.

ಪೂರ್ತಿ ವಿಷಯ ಹೇಳಬೇಕು ಅಂದರೆ, ಆಮೇಲೆ ಅಮೆರಿಕದ 52 ಕ್ಯಾನ್ಸರ್ ಕ್ಲಿನಿಕ್‌ಗಳಲ್ಲಿ 1,191 ರೋಗಿಗಳ ಮೇಲೆ ಇನ್ನೂ ದೊಡ್ಡ ಅಧ್ಯಯನ ಆಯಿತು. ಅದರಲ್ಲಿ ಆಯುಸ್ಸು ಜಾಸ್ತಿ ಆದದ್ದು ಕಾಣಲಿಲ್ಲ. ಆದರೆ ನೋವು, ಸುಸ್ತು, ವಾಂತಿ ಹತೋಟಿಗೆ ಬಂದವು, ಓಡಾಡುವ ಶಕ್ತಿ ಉಳಿಯಿತು. ನನಗೆ ಅಷ್ಟೇ ಸಾಕು. ತನ್ನ ಅಡುಗೆ ತಾನು ಮಾಡಿಕೊಂಡು, ಮಗುವಿಗೆ ಜಡೆ ಹಾಕುವಷ್ಟು ಶಕ್ತಿ ಉಳಿದರೆ ಅದು ಕೀಮೋದಲ್ಲಿರುವ ಹೆಂಗಸಿಗೆ ಸಣ್ಣದಲ್ಲ. ಆ ಅಧ್ಯಯನದಲ್ಲಿ ರೋಗಿಗಳು ವಾರಕ್ಕೊಮ್ಮೆ ಇಂಟರ್‌ನೆಟ್‌ನಲ್ಲೋ, ತಾನೇ ಬರುವ ಫೋನ್ ಕರೆಯಲ್ಲೋ ಯಾವುದು ಅನುಕೂಲವೋ ಅದರಲ್ಲಿ ಉತ್ತರ ಕೊಡಬಹುದಿತ್ತು. ಯುರೋಪಿನ ಐದು ದೇಶಗಳಲ್ಲಿ 829 ರೋಗಿಗಳ ಮೇಲೆ ಆದ ಇನ್ನೊಂದು ಅಧ್ಯಯನದಲ್ಲಿ ಸ್ತನ ಕ್ಯಾನ್ಸರಿನವರೂ ಇದ್ದರು. ಅಲ್ಲಿ ಕೆಂಪು ಎಚ್ಚರಿಕೆ, ಅಂದರೆ ಅಪಾಯದ ಸೂಚನೆ ಬಂದರೆ ಅರ್ಧ ಗಂಟೆಯೊಳಗೆ ಆಸ್ಪತ್ರೆಯವರು ರೋಗಿಗೆ ಫೋನ್ ಮಾಡಬೇಕು ಅನ್ನುವ ನಿಯಮ ಇತ್ತು. ಇಡೀ ವ್ಯವಸ್ಥೆ ನಿಂತಿರುವುದು ಆ ನಿಯಮದ ಮೇಲೆ. ಪ್ರಶ್ನೆ ಕೇಳುವುದನ್ನು ಯಂತ್ರ ಮಾಡಲಿ, ಆದರೆ ಉತ್ತರ ನೋಡಿ ತಕ್ಷಣ ಮಾತಾಡುವ ಮನುಷ್ಯರು ಆ ಕಡೆ ಇರಬೇಕು. ಬರೀ ಒಂದು ಆ್ಯಪ್ ಮಾಡಿ ಉದ್ಘಾಟನೆ ಮಾಡಿದರೆ ಅದು ನಮಗೆ ಬೇಡ.

ನಮ್ಮ ಕಡೆಗೆ ಇದು ಹೇಗಿರಬೇಕು ಅಂತ ನಾನು ಯೋಚನೆ ಮಾಡಿದ್ದೇನೆ. ನನ್ನ ಅಂಗಡಿಗೆ ಬರುವ ಬಹಳ ಹೆಂಗಸರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಇದ್ದರೂ ಅದು ಗಂಡನದೋ ಮಗನದೋ ಜೇಬಿನಲ್ಲಿ ಹೊಲಕ್ಕೆ, ರೈಸ್ ಮಿಲ್ಲಿಗೆ ಹೋಗಿರುತ್ತದೆ. ಹಗಲು ಹನ್ನೊಂದಕ್ಕೆ ಕರೆ ಬಂದರೆ ಪ್ರಯೋಜನ ಇಲ್ಲ. ರಾತ್ರಿ ಎಂಟರ ಮೇಲೆ, ಫೋನ್ ಮನೆಗೆ ಬಂದಾಗ ಬರಬೇಕು. ಬಟನ್ ಒತ್ತುವ ಸಾದಾ ಫೋನಿನಲ್ಲೂ ನಡೆಯಬೇಕು. ಗ್ಯಾಸ್ ಸಿಲಿಂಡರ್ ಬುಕ್ ಮಾಡಲು ಧ್ವನಿ ಕೇಳಿ ಒಂದು ಒತ್ತುವುದು, ಎರಡು ಒತ್ತುವುದು ಎಲ್ಲರಿಗೂ ರೂಢಿ ಆಗಿದೆ. ಜ್ವರ ಇದ್ದರೆ ಒಂದು, ಇಲ್ಲದಿದ್ದರೆ ಎರಡು ಅಂತ ಕೇಳಿದರೆ ಯಾರು ಬೇಕಾದರೂ ಒತ್ತುತ್ತಾರೆ. ಭಾಷೆಯೂ ನಮ್ಮದೇ ಇರಬೇಕು. ಅತಿಸಾರ, ವಾಕರಿಕೆ ಅಂತ ಪುಸ್ತಕದ ಮಾತಿನಲ್ಲಿ ಕೇಳಿದರೆ ಅರ್ಥ ಆಗದವರು ಸುಮ್ನೆ ಎರಡು ಒತ್ತಿ ಇಟ್ಟುಬಿಡುತ್ತಾರೆ. ನಮ್ಮ ಸುತ್ತ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವವರಿದ್ದಾರೆ, ತಾಂಡಾಗಳಲ್ಲಿ ಲಂಬಾಣಿ ಮಾತಾಡುವವರಿದ್ದಾರೆ, ಉರ್ದು ಮನೆಗಳಿವೆ. ಅವರನ್ನೂ ಬಿಡಬಾರದು.

ಬಟನ್ ಒತ್ತುವುದರಲ್ಲಿ ಇನ್ನೊಂದು ಅನುಕೂಲ ಇದೆ. ಬಾಯಿಬಿಟ್ಟು ಹೇಳಲಾಗದ್ದನ್ನು ಬೆರಳು ಹೇಳುತ್ತದೆ. ಸ್ತನ ಕ್ಯಾನ್ಸರ್ ಮತ್ತೆ ಬರದ ಹಾಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ, ಕೆಲವರು ಹತ್ತು ವರ್ಷ ನುಂಗಬೇಕು. ಮೈಯೆಲ್ಲ ಬೆಂಕಿ ಬಿದ್ದ ಹಾಗೆ ಸೆಕೆ ಬರುತ್ತದೆ, ನಿದ್ದೆ ಇರುವುದಿಲ್ಲ. ಬಿಳಿ ಹೋಗುವುದು, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಾಣಿಸುವುದು ಉಂಟು. ಹಾಗೆ ರಕ್ತ ಕಂಡರೆ ತಡ ಮಾಡದೆ ಪರೀಕ್ಷೆ ಮಾಡಿಸಬೇಕು. ಆದರೆ ಗಂಡಸು ಡಾಕ್ಟರ ಮುಂದೆ, ಪಕ್ಕದಲ್ಲಿ ಮೈದುನ ನಿಂತಿರುವಾಗ ಯಾವ ಹೆಂಗಸು ಇದನ್ನು ಹೇಳುತ್ತಾಳೆ? ಹೇಳದೇ ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟವರು ನನಗೆ ಗೊತ್ತು. ಅದಕ್ಕೇ ಈ ಕರೆ ಕೀಮೋ ಮುಗಿದ ಕೂಡಲೇ ನಿಲ್ಲಬಾರದು. ತಿಂಗಳಿಗೊಮ್ಮೆಯಾದರೂ ನಡೆಯಬೇಕು.

ಗುಟ್ಟು ಕಾಯುವುದು ಬಹಳ ಮುಖ್ಯ. ಫೋನ್ ಎತ್ತಿದ ಕೂಡಲೇ "ಇದು ಕ್ಯಾನ್ಸರ್ ಆಸ್ಪತ್ರೆಯಿಂದ" ಅಂತ ಸ್ಪೀಕರಿನಲ್ಲಿ ಕೂಗಿದರೆ ಮರುದಿನದಿಂದ ಆ ನಂಬರ್ ಬ್ಲಾಕ್ ಆಗುತ್ತದೆ. ಮಗಳಿಗೆ ಗಂಡು ನೋಡುತ್ತಿರುವ ಮನೆಗಳಲ್ಲಿ ತಾಯಿಯ ಕಾಯಿಲೆಯನ್ನು ಅಕ್ಕಪಕ್ಕದವರಿಗೂ ಹೇಳಿರುವುದಿಲ್ಲ. ಇದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಅವರ ಭಯ ನಿಜ. ಮೊದಲು ಹೆಸರು ಖಾತ್ರಿ ಮಾಡಿಕೊಂಡು, ರೋಗಿಯೇ ಮಾತಾಡುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಪ್ರಶ್ನೆ ಕೇಳಲಿ. ನಾವು ಕೊಟ್ಟ ಉತ್ತರ ಔಷಧ ಕಂಪನಿಗೋ ಇನ್ಶೂರೆನ್ಸಿನವರಿಗೋ ಹೋಗಬಾರದು.

ಎರಡು ಕರೆಗೂ ಉತ್ತರ ಬರದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆ ಮನೆಗೆ ಹೋಗಿ ನೋಡಬೇಕು. ಆ ಕೆಲಸಕ್ಕೆ ಆಕೆಗೆ ಬೇರೆ ದುಡ್ಡು ಕೊಡಬೇಕು. ಈಗಿರುವ ಕೆಲಸದ ಮೇಲೆ ಇದನ್ನೂ ಪುಕ್ಕಟೆ ಹೇರಬಾರದು. ಕೀಮೋ ಶುರು ಆದ ದಿನವೇ ಪ್ರತಿ ರೋಗಿಗೆ ಒಂದು ಡಿಜಿಟಲ್ ಥರ್ಮಾಮೀಟರ್ ಕೈಗೆ ಕೊಡಬೇಕು. ಜೊತೆಗೆ ಒಂದು ಕಾರ್ಡು. "ಇವರಿಗೆ ಕೀಮೋ ನಡೆಯುತ್ತಿದೆ, 100.4 ಡಿಗ್ರಿ ಜ್ವರ ಇದ್ದರೆ ಕಾಯಿಸಬೇಡಿ, ಕೂಡಲೇ ರಕ್ತ ಪರೀಕ್ಷೆ ಮಾಡಿ ಆಂಟಿಬಯೋಟಿಕ್ ಕೊಡಿ, ಈ ನಂಬರಿಗೆ ಫೋನ್ ಮಾಡಿ" ಅಂತ ಅದರಲ್ಲಿ ಇರಬೇಕು. ಅರ್ಧರಾತ್ರಿ ತಾಲ್ಲೂಕು ಆಸ್ಪತ್ರೆಗೆ ಹೋದಾಗ ಡ್ಯೂಟಿಯಲ್ಲಿರುವ ಹೊಸ ಡಾಕ್ಟರಿಗೆ ಆ ಕಾರ್ಡು ತೋರಿಸಿದರೆ ಸಾಕು. ನಮ್ಮ ಯಜಮಾನರು ಆ ರಾತ್ರಿ ಮಾಡಿದ ಹಾಗೆ ಎಲ್ಲವನ್ನೂ ಮೊದಲಿನಿಂದ ವಿವರಿಸುತ್ತಾ ನಿಲ್ಲಬೇಕಾಗಿಲ್ಲ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಸಾವಿರಾರು ಕೋಟಿ ಘೋಷಣೆ ಆಗುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕೇಂದ್ರ ಕಲಬುರಗಿಯಲ್ಲೂ ಇದೆ. ಒಂದೊಂದು ಜಿಲ್ಲೆಗೆ ಇದೇ ಕೆಲಸಕ್ಕೆ ತರಬೇತಿ ಪಡೆದ ಇಬ್ಬರು ಮೂವರು ನರ್ಸುಗಳು, ಅವರಿಗೆ ಬೇಕಾದಾಗ ಸಲಹೆ ಕೊಡಲು ಫೋನಿನಲ್ಲಿ ಒಬ್ಬ ಕ್ಯಾನ್ಸರ್ ತಜ್ಞರು. ಕಟ್ಟಡ ಕಟ್ಟಬೇಕಾಗಿಲ್ಲ, ದೊಡ್ಡ ಯಂತ್ರ ತರಿಸಬೇಕಾಗಿಲ್ಲ. ರಾಯಚೂರಿಗೆ ಏಮ್ಸ್ ಬೇಕು ಅಂತ ಜನ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಆ ಬೇಡಿಕೆಗೆ ನನ್ನ ಬೆಂಬಲವೂ ಇದೆ. ಅದು ಬರುವ ತನಕ ಈ ಕರೆಯನ್ನಾದರೂ ಶುರು ಮಾಡಬಹುದಲ್ವಾ?

ಆರೋಗ್ಯ ಇಲಾಖೆಯವರಲ್ಲಿ ಇನ್ನೊಂದು ವಿನಂತಿ. ಪ್ರಶ್ನೆಗಳನ್ನು ಬೆಂಗಳೂರಿನಲ್ಲಿ ಕೂತು ಬರೆಯುವ ಮೊದಲು ಕೀಮೋ ಮುಗಿಸಿದ ಹೆಂಗಸರನ್ನು ಕರೆದು ಕೇಳಿ. ಯಾವ ದಿನ ಏನು ಆಗುತ್ತದೆ, ಯಾವುದನ್ನು ಹೇಗೆ ಕೇಳಿದರೆ ನಿಜ ಹೇಳುತ್ತೇವೆ ಅನ್ನುವುದು ನಮಗೆ ಗೊತ್ತು. ಕೊಪ್ಪಳಕ್ಕೆ ಕರೆದರೆ ನಾನು ಬರುತ್ತೇನೆ, ನನ್ನ ಜೊತೆ ಬರಲು ಒಪ್ಪಿರುವವರೂ ಇದ್ದಾರೆ. ಬಸ್ ಚಾರ್ಜು ನಾವೇ ಹಾಕಿಕೊಳ್ಳುತ್ತೇವೆ. ಗುರುವಾರ ಒಂದು ಬಿಟ್ಟು ಯಾವ ದಿನ ಆದರೂ ಸರಿ. ಗುರುವಾರ ನಮ್ಮಲ್ಲಿ ಒಬ್ಬಾಕೆಗೆ ಕೀಮೋ ಇರುತ್ತದೆ.

ಇಂತಿ,
ಹೊಲಿಗೆ ಅಂಗಡಿಯ ಒಬ್ಬ ಓದುಗಿ
ಕಾರಟಗಿ, ಕೊಪ್ಪಳ ಜಿಲ್ಲೆ